ಮಳೆ ಪುಸ್ತಕದಲ್ಲಿ ಬಿಪಿ: ಹನ್ನೆರಡು ವಾರಗಳ ಲೆಕ್ಕ

ಅಪ್ಪನ ಕಾಲದಿಂದಲೂ ನಮ್ಮ ಮನೆಯಲ್ಲಿ ಮಳೆ ಪುಸ್ತಕವಿದೆ. ಬೆಳಿಗ್ಗೆ ಮಾಪಕ ನೋಡಿ ಇಂಚು, ಸೆಂಟು (ಇಂಚಿನ ನೂರರಲ್ಲೊಂದು ಪಾಲು) ಬರೆದಿಡುವುದು ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟದವರಿಗೆ ರೂಢಿ. ಜೂನ್ 12ರಿಂದ ಅದೇ ಸಾಲಿನಲ್ಲಿ ನನ್ನ ಬಿಪಿಯನ್ನೂ ಬರೆಯುತ್ತಿದ್ದೇನೆ. ಮೊದಲ ದಿನದ ಸಾಲು: ಮಳೆ 1 ಇಂಚು 40 ಸೆಂಟು, ಬಿಪಿ 164/98.

ಆ 164ರಲ್ಲಿ ನನ್ನ ಅವಸರದ ಪಾಲೂ ಇತ್ತು. ತೋಟದಿಂದ ಬಂದವನೇ ಬೆಲ್ಲದ ಕಾಫಿ ಕುಡಿದು, ಸ್ವೆಟರಿನ ತೋಳಿನ ಮೇಲೆಯೇ ಬಿಪಿ ಯಂತ್ರದ ಪಟ್ಟಿ ಸುತ್ತಿ, ಆಳುಗಳ ಲೆಕ್ಕ ಮಾತನಾಡುತ್ತ ಗುಂಡಿ ಒತ್ತಿದ್ದೆ. ಈಗ ಅಳೆಯುವ ಮೊದಲಿನ ಅರ್ಧ ಗಂಟೆ ಕಾಫಿ ಇಲ್ಲ. ಮೂತ್ರಕ್ಕೆ ಹೋಗಿ ಬಂದು, ಬೆನ್ನಿಗೆ ಒರಗು ಕೊಟ್ಟು, ಪಾದಗಳನ್ನು ನೆಲಕ್ಕೂರಿ ಐದು ನಿಮಿಷ ಸುಮ್ಮನೆ ಕೂರುತ್ತೇನೆ. ಬರಿದೋಳಿಗೆ ಪಟ್ಟಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲೆ, ಒಂದು ನಿಮಿಷದ ಅಂತರದಲ್ಲಿ ಎರಡು ಸಲ. ಈ ಐದು ನಿಮಿಷ ಮಾತನಾಡಿಸಬಾರದು ಎಂಬುದು ಮನೆಯವಳಿಗೆ ಅರ್ಥವಾಗಿದೆ, ಅವ್ವನಿಗೆ ಆಗಿಲ್ಲ.

ಪಟ್ಟಿಯದೇ ಒಂದು ಕಥೆ. ಯಂತ್ರದೊಂದಿಗೆ ಬಂದದ್ದು 22ರಿಂದ 32 ಸೆಂಟಿಮೀಟರಿನದು. ಟೇಪು ಹಿಡಿದರೆ ನನ್ನ ತೋಳು 35. ಪಟ್ಟಿ ಚಿಕ್ಕದಾದರೆ ಅಂಕಿ ಇರುವುದಕ್ಕಿಂತ ಹೆಚ್ಚು ತೋರುತ್ತದೆ. ದೊಡ್ಡದನ್ನು ತರಿಸಿದೆ.

ಹಾಗೆಂದು ಬಿಪಿ ಸುಳ್ಳಾಗಿರಲಿಲ್ಲ. ಬೆಳಿಗ್ಗೆ, ಸಂಜೆ ಏಳು ದಿನ ಅಳೆದು, ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆದರೆ 148/92. ಆಸ್ಪತ್ರೆಯಲ್ಲಿ 140/90 ಗಡಿಯಾದರೆ ಮನೆಯಲ್ಲಿ 135/85. ಮಡಿಕೇರಿಯ ಡಾಕ್ಟರು ಪುಸ್ತಕ ತಿರುವಿ, ಮೊದಲು ಮಳೆಯ ಅಂಕಿ ಓದಿ, ಆಮೇಲೆ ದಿನಕ್ಕೊಂದು ಮಾತ್ರೆ ಬರೆದರು.

ಜುಲೈ ಎರಡನೆಯ ವಾರ ಅಂಕಿ ಮತ್ತೆ ಏರಿತು. ಸೊಂಟನೋವಿಗೆಂದು ಅಂಗಡಿಯಿಂದ ನೋವಿನ ಮಾತ್ರೆ ತಂದು ಆರು ದಿನ ನುಂಗಿದ್ದೆ, ಯಾರಿಗೂ ಹೇಳಿರಲಿಲ್ಲ. ಅಂಥ ಮಾತ್ರೆಗಳಲ್ಲಿ ಹಲವು ಬಿಪಿ ಏರಿಸುತ್ತವಂತೆ. ಡಾಕ್ಟರು ಬೈದದ್ದನ್ನು ಪುಸ್ತಕದಲ್ಲಿ ಬರೆದಿಲ್ಲ.

ಉಪ್ಪಿನ ಲೆಕ್ಕ ನನಗೆ ಹೆಚ್ಚು ಹಿಡಿಸಿತು. ಜೂನ್ 20ರಂದು ಒಂದು ಕೆಜಿಯ ಪೊಟ್ಟಣ ಒಡೆದು ಅದರ ಮೇಲೆ ಪೆನ್ನಿನಲ್ಲಿ ದಿನಾಂಕ ಹಾಕಿದೆವು. ಜುಲೈ 19ಕ್ಕೆ ಖಾಲಿ. ಮೂವರಿಗೆ 29 ದಿನವೆಂದರೆ ತಲೆಗೆ ದಿನಕ್ಕೆ ಹನ್ನೊಂದೂವರೆ ಗ್ರಾಂ! ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ಅಂಗಡಿಯ ಒಣಮೀನು, ಚಿಪ್ಸಿನಲ್ಲಿರುವ ಉಪ್ಪು ಈ ಲೆಕ್ಕಕ್ಕೇ ಸೇರಿಲ್ಲ. ಒಣಮೀನು ಭಾನುವಾರಕ್ಕೆ ಸರಿಯಿತು. ಉಪ್ಪಿನಲ್ಲಿಟ್ಟ ಕಣಿಲೆಯನ್ನು (ಎಳೆ ಬಿದಿರು) ಈಗ ಎರಡು ಸಲ ನೀರು ಬದಲಿಸಿ ನೆನೆಸುತ್ತೇವೆ. ಸಾರಿಗೆ ಕಾಚಂಪುಳಿ (ನಮ್ಮ ಕಡೆಯ ಕಪ್ಪು ಹುಳಿರಸ) ನಾಲ್ಕು ಹನಿ ಹೆಚ್ಚು ಬಿದ್ದರೆ ಉಪ್ಪು ಕಡಿಮೆಯಾದದ್ದು ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ. ಗಂಜಿಗೆ ಮಾತ್ರ ಏನು ಮಾಡಿದರೂ ಸಪ್ಪೆ ಸಪ್ಪೆಯೇ.

ನಡಿಗೆ ದಿನಕ್ಕೆ ಅರ್ಧ ಗಂಟೆ, ಜಿಗಣೆಗಳ ಸಮೇತ. ಆನೆ ಬಂದಿದೆ ಎಂದು ವಾಟ್ಸಾಪಿನಲ್ಲಿ ಸುದ್ದಿ ಬಂದ ದಿನ ಕಾಫಿ ಕಣದಲ್ಲೇ ಸುತ್ತುತ್ತೇನೆ. ಪಾಚಿಯಲ್ಲಿ ಒಮ್ಮೆ ಜಾರಿ ಬಿದ್ದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಸಿದೆ.

ಆಗಸ್ಟ್ 3, ನಮ್ಮ ಮಳೆಗಾಲದ ತಿಂಗಳಾದ ಕಕ್ಕಡದ ಹದಿನೆಂಟನೆಯ ದಿನ. ಹದಿನೆಂಟು ಬಗೆಯ ಔಷಧ ಸೇರಿರುವ ಮದ್ದು ಸೊಪ್ಪಿನ ಪಾಯಸ ಉಣ್ಣುವವನಿಗೆ ಮಾತ್ರೆ ಯಾಕೆ ಎಂದರು ಪಕ್ಕದ ತೋಟದ ಮಾವ. ಪಾಯಸವನ್ನೂ ಉಂಡೆ, ಮಾತ್ರೆಯನ್ನೂ ನುಂಗಿದೆ.

ಆಗಸ್ಟ್ ಕೊನೆಯ ವಾರದ ಸರಾಸರಿ 133/84. ಸೆಪ್ಟೆಂಬರ್ 3ರ ನಮ್ಮ ಆಯುಧದ ಹಬ್ಬ ಕೈಲ್ ಪೊಳ್ದ್‌ಗೆ ಕಡಂಬುಟ್ಟು (ಅಕ್ಕಿ ತರಿಯ ಉಂಡೆ), ಪಂದಿಕರಿ (ಹಂದಿ ಸಾರು), ಎರಡು ಪೆಗ್ಗು. ಮರುದಿನ ಬೆಳಿಗ್ಗೆ 144/90. ಅದನ್ನೂ ಬರೆದಿದ್ದೇನೆ. ಎರಡನೆಯ ಉಪ್ಪಿನ ಪೊಟ್ಟಣ ಮುಗಿದದ್ದೂ ಹಬ್ಬದ ದಿನವೇ, 46 ದಿನ ಬಾಳಿತು. ತಲೆಗೆ ಏಳು ಗ್ರಾಮಿನಷ್ಟಾಯಿತು. ಐದಕ್ಕೆ ಇಳಿಯಬೇಕಾದರೆ 67 ದಿನ ಬರಬೇಕು. ಮೂರನೆಯ ಪೊಟ್ಟಣದ ಮೇಲೆ ದಿನಾಂಕ ಹಾಕಿದವಳು ಅವ್ವ.

ಸೆಪ್ಟೆಂಬರ್ 5: ಮಳೆ 35 ಸೆಂಟು, ಬಿಪಿ 134/84.