ಲಿಂಟರ್ ಮಾತು ಕೇಳಿ ಒಂದು ಲೈನ್ ಅಳಿಸಿದೆ

ಮೊನ್ನೆ ಒಂದು ಆರ್ಡರ್ ನೋಡ್ತೀನಿ, ಪಿನ್‌ಕೋಡಲ್ಲಿ ಐದೇ ಅಂಕಿ. ಆರು ಇರ್ಲೇಬೇಕು ಅಂತ ಸ್ಪೆಕ್ (ಡೇಟಾ ಹೇಗಿರ್ಬೇಕು ಅನ್ನೋ ನಿಯಮ) ಬರ್ದಿದ್ದೇ ನಾನು, ಟೆಸ್ಟೆಲ್ಲಾ ಪಾಸು, ಆದ್ರೂ ಇದು ಆರಾಮಾಗಿ ಒಳಗೆ ಬಂದು ಡೇಟಾಬೇಸಲ್ಲಿ ಕೂತಿದೆ. ಹುಡ್ಕೋಕೆ ಅರ್ಧ ದಿನ ಹೋಯ್ತು.

ಕ್ಲೋಜರ್ ಸ್ಪೆಕ್ ಮುಟ್ಟದೇ ಇರೋರಿಗೆ ಸ್ವಲ್ಪ ಹೇಳ್ತೀನಿ. ಕ್ಲೋಜರ್ ಒಂದು ಪ್ರೋಗ್ರಾಮಿಂಗ್ ಭಾಷೆ, ಸ್ಪೆಕ್ ಅಂದ್ರೆ ಅದರಲ್ಲಿ ಇಂಥ ನಿಯಮ ಬರೆಯೋ ಲೈಬ್ರರಿ. 2016ರಲ್ಲಿ ಭಾಷೆ ಕಟ್ಟಿದ ರಿಚ್ ಹಿಕ್ಕಿನೇ ಪರಿಚಯಿಸಿದ್ದು, ಕ್ಲೋಜರ್ 1.9ರ ಜೊತೆ ಬಂತು, ಹೆಸರಲ್ಲಿರೋ ‘ಆಲ್ಫಾ’ ಬಾಲ ಇನ್ನೂ ಉದುರಿಲ್ಲ. ಎಸ್/ಡೆಫ್ ಅಂತ ಬರೆದ್ರೆ ಆ ಸ್ಪೆಕ್ ಒಂದು ಗ್ಲೋಬಲ್ ರಿಜಿಸ್ಟ್ರಿಗೆ ಸೇರುತ್ತೆ, ಇಡೀ ಆ್ಯಪ್‌ಗೆ ಒಂದೇ ಆಟಮ್ (ಎಲ್ಲರೂ ಹಂಚ್ಕೊಳ್ಳೋ ಡಬ್ಬಿ ಅನ್ನಿ). ಅದಕ್ಕೇ ಬರೀ :ಐಡಿ ಅಂದ್ರೆ ತಗೊಳಲ್ಲ, ನೇಮ್‌ಸ್ಪೇಸ್ ಸಮೇತ :ಆರ್ಡರ್/ಐಡಿ ಅನ್ಬೇಕು. ಊರಲ್ಲಿ ಹತ್ತು ಜನ ಮಂಜುನಾಥ ಇದ್ರೆ ಯಾರ ಮನೆಯವ್ನು ಅಂತ ಕೇಳ್ತಾರಲ್ಲ, ಹಂಗೆ. ಅದೇ ಪೂರ್ತಿ ಹೆಸರಲ್ಲಿ ಇನ್ನೊಂದ್ಸಲ ಡೆಫ್ ಮಾಡಿದ್ರೆ ಮಾತ್ರ ಹಳೇದನ್ನ ಸದ್ದಿಲ್ಲದೆ ಒರೆಸಿ ಹಾಕುತ್ತೆ.

ಈಗ ನನ್ನ ಕಥೆ. ಅಡ್ರೆಸ್ ಸ್ಪೆಕ್‌ಗಳು ಬೇರೆ ಫೈಲಲ್ಲಿದ್ವು. ಆರ್ಡರ್ ಫೈಲಲ್ಲಿ ಅದನ್ನ ಅಲಿಯಾಸ್ (ಚಿಕ್ಕ ಅಡ್ಡಹೆಸರು) ಕೊಟ್ಟು ರಿಕ್ವೈರ್ ಮಾಡಿದ್ದೆ, ಅಂದ್ರೆ ಲೋಡ್ ಮಾಡಿಸಿದ್ದೆ, ಆದ್ರೆ ಎಸ್/ಕೀಸ್ (ಯಾವ ಯಾವ ಕೀ ಇರ್ಬೇಕು ಅಂತ ಹೇಳೋದು) ಒಳಗೆ :ಅಡ್ರೆಸ್/ಪಿನ್‌ಕೋಡ್ ಅಂತ ಪೂರ್ತಿ ಹೆಸರೇ ಬರ್ದಿದ್ರಿಂದ ಅಲಿಯಾಸ್ ಎಲ್ಲೂ ಬಳಕೆ ಆಗಿರ್ಲಿಲ್ಲ. ಕೋಡಲ್ಲಿ ತಪ್ಪು ಹುಡ್ಕೋ ಲಿಂಟರ್ ಅದಕ್ಕೆ ಹಳದಿ ಗೆರೆ ಎಳೀತು, ನಾನು ಒಳ್ಳೆ ಹುಡುಗನ ಥರ ಆ ಲೈನ್ ತೆಗ್ದೆ. ಫೈಲ್ ಲೋಡ್ ಆಗ್ಲಿಲ್ಲ ಅಂದ್ರೆ ಅದರೊಳಗಿನ ಸ್ಪೆಕ್ ರಿಜಿಸ್ಟ್ರಿಗೇ ಬರಲ್ಲ, ಮತ್ತೆ ಎಸ್/ಕೀಸ್‌ಗೆ ಕೀ ಇದ್ದು ಅದರ ಸ್ಪೆಕ್ ಸಿಗ್ಲಿಲ್ಲ ಅಂದ್ರೆ ಎರರ್ ಕೊಡಲ್ಲ, ಕೀ ಇದೆಯಾ ಅಂತ ನೋಡಿ ವ್ಯಾಲ್ಯೂ ಬಿಟ್ಬಿಡುತ್ತೆ! ಇಲ್ಲದ ಸ್ಪೆಕ್ ಹೆಸರನ್ನ ನೇರವಾಗಿ ಎಸ್/ವ್ಯಾಲಿಡ್‌ಗೆ (ಡೇಟಾ ಸರಿ ಇದೆಯಾ ನೋಡೋ ಫಂಕ್ಷನ್) ಕೊಟ್ರೆ ಎಕ್ಸೆಪ್ಷನ್ ಎಸೆಯುತ್ತೆ, ಕೀಸ್ ಒಳಗೆ ಮಾತ್ರ ಈ ಮೌನ. ಟೆಸ್ಟ್ ಫೈಲ್ ಅಡ್ರೆಸ್ ಸ್ಪೆಕ್ಕನ್ನ ತಾನೇ ಲೋಡ್ ಮಾಡ್ಕೊಂಡಿತ್ತು, ಅಲ್ಲೆಲ್ಲಾ ಸರಿಯಾಗೇ ಕಾಣ್ತಿತ್ತು.

ಕ್ಲೋಜರ್ 1.11ರಲ್ಲಿ ಬಂದ :ಆ್ಯಸ್-ಅಲಿಯಾಸ್‌ದೂ ಇದೇ ಗುಂಡಿ. ಫೈಲ್ ಲೋಡ್ ಮಾಡ್ದೇನೇ ಅಲಿಯಾಸ್ ಕೊಡುತ್ತೆ, ಚೆನ್ನಾಗಿದೆ, ಆದ್ರೆ ಸ್ಪೆಕ್ ಬಂತು ಅಂತ ಅನ್ಕೋಬೇಡಿ.

ಹಂಗಂತ ಎಲ್ಲಾ ಕಡೆ ಡಬಲ್ ಕೋಲನ್ ಹಾಕ್ಕೊಂಡು ಹೋಗೋದೂ ನಂಗೆ ಇಷ್ಟ ಇಲ್ಲ. ::ಐಡಿ ಅಂದ್ರೆ ಈಗಿರೋ ನೇಮ್‌ಸ್ಪೇಸಿನ ಐಡಿ, ನಾಳೆ ನೇಮ್‌ಸ್ಪೇಸ್ ಹೆಸರು ಬದಲಾಯಿಸಿದ್ರೆ ಕೀನೇ ಬೇರೆ, ಡೇಟಾಬೇಸಲ್ಲಿರೋ ಹಳೇ ಕೀಗಳು ಅನಾಥ. ಹೊರಗೆ ಹೋಗೋ ಡೇಟಾಗೆ ಪೂರ್ತಿ ಹೆಸರೇ ಬರೀತೀನಿ, ಫೈಲ್ ಒಳಗೇ ಇರೋದಕ್ಕೆ ಮಾತ್ರ ಡಬಲ್ ಕೋಲನ್.

ಸ್ಪೆಕ್ ಥರದ್ದೇ ಇನ್ನೊಂದು ಲೈಬ್ರರಿ ಮಲ್ಲಿಯಲ್ಲಿ ಈ ಕಾಟ ಕಮ್ಮಿ, ರಿಜಿಸ್ಟ್ರಿನ ಒಂದು ವ್ಯಾಲ್ಯೂ ಥರ ಕೈಯಾರೆ ಕೊಡ್ಬಹುದು, ಹೆಸರು ಸಿಗ್ಲಿಲ್ಲ ಅಂದ್ರೆ ಸ್ಕೀಮಾ ಕಟ್ಟೋವಾಗ್ಲೇ ಬೈಯುತ್ತೆ. ಆದ್ರೆ ಇಡೀ ಕೋಡ್ ಬದಲಾಯಿಸೋಕೆ ಯಾರು ಟೈಮ್ ಕೊಡ್ತಾರೆ ಹೇಳಿ.

ಅದಕ್ಕೆ ಒಂದು ಟೆಸ್ಟ್ ಬರ್ದೆ: ಮೇನ್ ಫೈಲ್ ಮಾತ್ರ ಲೋಡ್ ಮಾಡು, ಎಸ್/ರಿಜಿಸ್ಟ್ರಿಯಿಂದ ನಮ್ಮ ಸ್ಪೆಕ್‌ಗಳನ್ನ ತಗೊಂಡು ಎಸ್/ಫಾರ್ಮ್ (ಸ್ಪೆಕ್ ಬರೆದಿರೋ ರೂಪ) ನೋಡು, ಒಳಗೆ ಸಿಗೋ ಪ್ರತಿ ನೇಮ್‌ಸ್ಪೇಸ್ ಕೀಗೂ ಎಸ್/ಗೆಟ್-ಸ್ಪೆಕ್ ಏನಾದ್ರೂ ಕೊಡುತ್ತಾ ಚೆಕ್ ಮಾಡು. ಹತ್ತು ಲೈನ್ ಕೂಡ ಇಲ್ಲ. ಬೇರೆ ಪ್ರಾಸೆಸ್ಸಲ್ಲೇ ಓಡಿಸ್ಬೇಕು, ಇಲ್ಲಾಂದ್ರೆ ಉಳಿದ ಟೆಸ್ಟ್‌ಗಳು ಲೋಡ್ ಮಾಡಿದ್ದೆಲ್ಲಾ ಅದೇ ರಿಜಿಸ್ಟ್ರಿಲಿ ಇರುತ್ತೆ. ಮೊದಲ ಸಲ ಓಡಿಸಿದಾಗ ಪಿನ್‌ಕೋಡ್ ಬಿಟ್ಟು ಇನ್ನೂ ಮೂರು ಸಿಕ್ವು, ಒಂದಂತೂ ಸ್ಪೆಲಿಂಗ್ ಮಿಸ್ಟೇಕು, ಎರಡು ವರ್ಷದಿಂದ ಹಂಗೇ ಇತ್ತು.