ಲಂಕೆಯ ಚರ್ಚುಗಳನ್ನು ನೋಡುವ ಆಸೆಯಿದ್ದರೆ ಮಂಗಳವಾರ ಹೋಗಿ

ಶ್ರೀಲಂಕಾದ ಕಡಲತೀರದ ಹೋಟೆಲುಗಳು ಹೇಳುವ ಬಾಡಿಗೆಯೇ ಬೇರೆ, ಕೊನೆಗೆ ಕೀಳುವ ಹಣವೇ ಬೇರೆ. ನೆಗೊಂಬೊದಲ್ಲಿ ಕೋಣೆ ಬಿಡುವ ದಿನ ನಮ್ಮ ಕೈಗೆ ಬಂದ ಬಿಲ್ಲಿನಲ್ಲಿ ಶೇ 10ರ ಸೇವಾ ಶುಲ್ಕ, ಅದರ ಮೇಲೆ ಶೇ 18ರ ವ್ಯಾಟ್ ಬಂದು ಕೂತಿದ್ದವು. ಕೇಳಿದರೆ, ದರದ ಪಕ್ಕದಲ್ಲಿ ಎರಡು ಸಣ್ಣ ಕೂಡಿಸುವ ಚಿಹ್ನೆ ಇತ್ತಲ್ಲ, ಅದೇ ಇದು ಎಂದರು. ಇಷ್ಟೆಲ್ಲ ತೆತ್ತದ್ದು ಸಮುದ್ರ ಕಾಣುವ ಕೋಣೆಗೆ. ಸಮುದ್ರ ಕಂಡದ್ದು ಬಚ್ಚಲಮನೆಯ ಕಿಟಕಿಯಿಂದ, ಪಕ್ಕದ ಮನೆಯ ನೀರಿನ ತೊಟ್ಟಿಗೂ ತೆಂಗಿನ ಮರಕ್ಕೂ ನಡುವೆ, ಅಂಗೈಯಗಲ. ನೀವು ಹೋಗುವುದಾದರೆ ತೆರಿಗೆ, ಶುಲ್ಕ ಎಲ್ಲ ಸೇರಿ ಎಷ್ಟು ಎಂದು ಮೊದಲೇ ಬರಹದಲ್ಲಿ ಕೇಳಿ ಇಟ್ಟುಕೊಳ್ಳಿ. ತೀರದಿಂದ ಎರಡು ಬೀದಿ ಒಳಗೆ ಮನೆಗಳಲ್ಲೇ ಬಾಡಿಗೆಗೆ ಕೊಡುವ ಕೋಣೆಗಳಿವೆ, ಅವು ಎಷ್ಟೋ ವಾಸಿ.

ತುಮಕೂರಿನವರು ವಿಮಾನ ಹಿಡಿಯಲು ಬೆಂಗಳೂರಿನೊಳಗೆ ನುಗ್ಗಬೇಕಾಗಿಲ್ಲ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದರೆ ಪೀಣ್ಯ, ಹೆಬ್ಬಾಳಗಳ ಕಾಟ ತಪ್ಪುತ್ತದೆ. ಲಂಕೆಯಲ್ಲಿ ಇಳಿಯುವ ಕಟುನಾಯಕೆ ವಿಮಾನ ನಿಲ್ದಾಣವೂ ಕೊಲಂಬೊಗಿಂತ ನೆಗೊಂಬೊಗೇ ಹತ್ತಿರ.

ನಾವು ಕ್ರೈಸ್ತರಲ್ಲ. ನನ್ನ ಹೆಂಡತಿ ಊರಿನ ಕಾನ್ವೆಂಟ್ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದವಳು. ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋನಿಯ ಮೇಲೆ ಅವಳಿಗೆ ಅಲ್ಲಿಂದಲೇ ನಂಬಿಕೆ. ನನಗೆ ಬೇಕಾದದ್ದು ಜನ. ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆಯಲ್ಲಿ ದನಗಳ ನಡುವೆ ನುಗ್ಗಾಡಿ ಬೆಳೆದವನಿಗೆ ಬಿಕೋ ಎನ್ನುವ ದೇವರ ಮನೆ ಒಗ್ಗುವುದಿಲ್ಲ. ಮುಂದಿನದನ್ನು ಓದುವಾಗ ಇದು ನೆನಪಿರಲಿ. ಗದ್ದಲ ಆಗದವರಿಗೆ ನನ್ನ ಸಲಹೆಗಳು ತಲೆಕೆಳಗು.

ನೆಗೊಂಬೊ ಮೀನುಗಾರರ ಊರು, ಬಹುಪಾಲು ಕ್ಯಾಥೊಲಿಕರು. ಬೀದಿಯ ತಿರುವಿನಲ್ಲೆಲ್ಲ ಗಾಜಿನ ಗೂಡಿನೊಳಗೆ ಒಬ್ಬ ಸಂತ, ಮುಂದೆ ದೀಪ. ಸಂತ ಮೇರಿ ಚರ್ಚ್ ಕಟ್ಟಲು ಶುರುವಾದದ್ದು 1874ರಲ್ಲಿ, ಮುಗಿದದ್ದು 1922ರಲ್ಲಿ. ಚಾವಣಿಯ ತುಂಬ ಬಣ್ಣದ ಚಿತ್ರಗಳು. ಭಾನುವಾರ ಬೆಳಿಗ್ಗೆ ಹೋದರೆ ಕೂರಲು ಜಾಗ ಸಿಗುವುದಿಲ್ಲ, ಹೋಗಬೇಕಾದದ್ದೂ ಆಗಲೇ.

ಅಲ್ಲೇ ಸಮೀಪ ಕಟುವಪಿಟಿಯದ ಸಂತ ಸೆಬಾಸ್ಟಿಯನ್ ಚರ್ಚ್. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ ಬಾಂಬ್ ಸಿಡಿದು ಇದೊಂದರಲ್ಲೇ ನೂರಕ್ಕೂ ಹೆಚ್ಚು ಜನ ಸತ್ತರು. ರಕ್ತ ಸಿಡಿದ ಯೇಸುವಿನ ಪ್ರತಿಮೆಯನ್ನು ತೊಳೆಯದೆ ಹಾಗೆಯೇ ಗಾಜಿನೊಳಗೆ ಇಟ್ಟಿದ್ದಾರೆ. ನಮ್ಮ ಕಡೆಯವರಿಗೆ ಆ ದಿನ ಮರೆಯುವಂಥದ್ದಲ್ಲ. ಏಪ್ರಿಲ್ 18ರ ಮತದಾನ ಮುಗಿಸಿ ಸುಧಾರಿಸಿಕೊಳ್ಳಲು ಹೋಗಿದ್ದ ತುಮಕೂರು, ನೆಲಮಂಗಲ ಕಡೆಯ ಜೆಡಿಎಸ್ ಕಾರ್ಯಕರ್ತರು ಅದೇ ಬೆಳಿಗ್ಗೆ ಕೊಲಂಬೊದ ಹೋಟೆಲಿನಲ್ಲಿ ಸತ್ತರು. ಇಲ್ಲಿ ಫೋಟೊ ತೆಗೆಯುವ ಮೊದಲು ಅಲ್ಲಿರುವವರನ್ನು ಒಂದು ಮಾತು ಕೇಳಿ. ಸತ್ತವರ ಮನೆಯವರು ಇವತ್ತಿಗೂ ಅದೇ ಬೆಂಚುಗಳಲ್ಲಿ ಕೂತು ಪ್ರಾರ್ಥಿಸುತ್ತಾರೆ.

ಇನ್ನು ಕೊಚ್ಚಿಕಡೆ, ಸಂತ ಅಂತೋನಿಯ ಚರ್ಚ್ ಇರುವ ಕೊಲಂಬೊದ ಭಾಗ. ನೆಗೊಂಬೊದ ಉತ್ತರಕ್ಕೆ ಕೊಚ್ಚಿಕಡೆ ಎಂಬ ಇನ್ನೊಂದು ಪೇಟೆ ಇದೆ, ಎಚ್ಚರ. ಬಸ್ ನಿಲ್ದಾಣಕ್ಕೆ ಬಿಡು, ಕೊಲಂಬೊದ ಕೊಚ್ಚಿಕಡೆಗೆ ಹೋಗಬೇಕು ಎಂದು ಹೆಂಡತಿ ತಮಿಳಿನಲ್ಲಿ ಬಿಡಿಸಿ ಹೇಳಿದರೂ ಆಟೊದವನು ನೆಟ್ಟಗೆ ಆ ಪೇಟೆಗೆ ಒಯ್ದು ನಿಲ್ಲಿಸಿದ. ವಾಪಸು ಬರಲು ಮತ್ತೆ ಅಷ್ಟೇ ಹಣ ಕೇಳಿದ. ಪಿಕ್‌ಮಿ ಆ್ಯಪ್‌ನಲ್ಲಿ ಆಟೊ ಕರೆಯಿರಿ, ದರ ಮೊದಲೇ ಗೊತ್ತಾಗುತ್ತದೆ.

ನೆಗೊಂಬೊ ನಿಲ್ದಾಣದಿಂದ ಕೊಲಂಬೊಗೆ 240ನೇ ನಂಬರಿನ ಖಾಸಗಿ ಬಸ್. ಆ ಬಸ್ಸಿಗೆ ನಿಲ್ದಾಣ ಬೇಕಿಲ್ಲ, ರಸ್ತೆಯಲ್ಲಿ ಯಾರು ಕೈ ಎತ್ತಿದರೂ ಸಾಕು. ಬಾಗಿಲಲ್ಲಿ ನೇತಾಡುವ ಹುಡುಗ ಕೊಲಂಬೊ ಕೊಲಂಬೊ ಎಂದು ಕೂಗುತ್ತಲೇ ಇದ್ದ, ಕೊಲಂಬೊ ಮಾತ್ರ ಬರಲೊಲ್ಲದು. ಮುಂದಿನ ಸೀಟು ಖಾಲಿ ಇದೆಯೆಂದು ಕೂತೆವು. ಅದು ಧರ್ಮಗುರುಗಳಿಗೆ ಮೀಸಲಂತೆ. ಅರ್ಧ ದಾರಿಯಲ್ಲಿ ಒಬ್ಬ ಬೌದ್ಧ ಭಿಕ್ಷು ಹತ್ತಿದರು. ಕಂಡಕ್ಟರ್ ನಮ್ಮನ್ನು ಎಬ್ಬಿಸಿದ. ಉಳಿದ ದಾರಿಯೆಲ್ಲ ತಲೆ ಮೇಲಿನ ಸ್ಪೀಕರಿನ ಹಾಡು ಕೇಳುತ್ತ ನಿಂತೇ ಹೋದೆವು. ಜನಜಂಗುಳಿ ನನಗೆ ಹಿತ ಎಂದೆನಲ್ಲ, ಆ ಹಾಡು ಸೇರಿಸಿ ಹೇಳಿದ್ದಲ್ಲ. ಎಕ್ಸ್‌ಪ್ರೆಸ್‌ವೇ ಮೇಲೆ ಹೋಗುವ ಎ.ಸಿ. ಬಸ್ ಸಿಕ್ಕಿದರೆ ಕಣ್ಣು ಮುಚ್ಚಿ ಹತ್ತಿ.

ಆದರೂ ಮಂಗಳವಾರವೇ ಹೋಗಿ. ಅದು ಸಂತ ಅಂತೋನಿಯ ದಿನ. ಹೋಟೆಲಿನವರು ಬೇಡ, ನೂಕುನುಗ್ಗಲು ಎಂದಿದ್ದರು. ಈ ಚರ್ಚ್ ಕೂಡ 2019ರ ಬಾಂಬಿಗೆ ಸಿಕ್ಕಿ ಎರಡು ತಿಂಗಳೊಳಗೆ ಮತ್ತೆ ತೆರೆದದ್ದು, ಹಾಗಾಗಿ ಬಾಗಿಲಲ್ಲಿ ಚೀಲ ತಪಾಸಣೆ ಇದೆ. ಸಾಮಾನು ಹೊತ್ತು ಹೋಗಬೇಡಿ. ಡಚ್ಚರು ಕ್ಯಾಥೊಲಿಕರನ್ನು ಹತ್ತಿಕ್ಕಿದ್ದ ಕಾಲದಲ್ಲಿ ಕೊಚ್ಚಿಯಿಂದ ಬಂದು ಅಡಗಿದ್ದ ಪಾದ್ರಿಯೊಬ್ಬ ಶಿಲುಬೆ ನೆಟ್ಟು ಪ್ರಾರ್ಥಿಸಿದಾಗ ಊರು ನುಂಗುತ್ತಿದ್ದ ಕಡಲು ಹಿಂದೆ ಸರಿಯಿತು ಎಂಬುದು ಇಲ್ಲಿನ ಐತಿಹ್ಯ. ಒಳಗೆ ಸಂತನ ಗಾಜಿನ ಪೆಟ್ಟಿಗೆಯ ಮುಂದೆ ಸಾಲು. ನಮ್ಮ ಮುಂದಿದ್ದ ಹೆಂಗಸು ಹಣೆಯಲ್ಲಿ ವಿಭೂತಿ ಇಟ್ಟವಳು, ಕೈಯಲ್ಲಿ ಮಗನ ಪರೀಕ್ಷೆಯ ಹಾಲ್‌ಟಿಕೆಟ್. ಅದನ್ನು ಗಾಜಿಗೆ ಒತ್ತಿ ಹಿಡಿದು ತುಟಿ ಅಲ್ಲಾಡಿಸಿದಳು, ಆಮೇಲೆ ಮಗನ ತಲೆಗೆ ಮುಟ್ಟಿಸಿದಳು. ಆ ಹುಡುಗ ನಾಚಿಕೆಯಿಂದ ಆಚೆ ನೋಡುತ್ತಿದ್ದ. ಪೂಜೆ ಸಿಂಹಳ, ತಮಿಳು, ಇಂಗ್ಲಿಷ್ ಮೂರರಲ್ಲೂ ನಡೆಯುತ್ತದೆ. ನನ್ನ ಹೆಂಡತಿ ಏನು ಹುಡುಕಿಕೊಡು ಎಂದು ಕೇಳಿದಳೋ, ನನಗೆ ಹೇಳಲಿಲ್ಲ.

ಊಟದ ವಿಷಯ. ನೆಗೊಂಬೊದ ಒಳಬೀದಿಯಲ್ಲಿ, ಒಂದು ಸೈಕಲ್ ರಿಪೇರಿ ಅಂಗಡಿಯ ಪಕ್ಕ, ಸಂಜೆ ಮಾತ್ರ ಒಲೆ ಹೊತ್ತಿಸುವ ಹೆಸರಿಲ್ಲದ ಗೂಡಂಗಡಿ. ಮಾಡುವುದು ಆಪ್ಪ ಒಂದೇ. ಅಜ್ಜಿ ಅಂಗೈಯಗಲದ ಗುಂಡಿ ಬಾಣಲೆಗೆ ಒಂದು ಸೌಟು ಹಿಟ್ಟು ಹೊಯ್ದು, ಹಿಡಿ ಹಿಡಿದು ಒಂದು ಸುತ್ತು ತಿರುಗಿಸುತ್ತಾಳೆ. ಹಿಟ್ಟು ಅಂಚಿಗೆ ಏರಿ ಹಾಗೆಯೇ ಕಚ್ಚಿಕೊಂಡು ಗರಿಯಾಗುತ್ತದೆ, ನಡುವೆ ಮೆತ್ತಗೆ, ತೆಂಗಿನ ಹಾಲಿನ ಘಮ. ಹಿಂದಿನ ದಿನ ಹುದುಗಿಟ್ಟ ಹುಳಿ ಎಷ್ಟು ಬೇಕೋ ಅಷ್ಟೇ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಬೆಳೆದ ನಾನು ಅಕ್ಕಿಯ ತಿಂಡಿಯನ್ನು ಸುಲಭಕ್ಕೆ ಹೊಗಳುವುದಿಲ್ಲ. ಇದಕ್ಕೆ ದಿನಾ ಹೋದೆ. ಸಸ್ಯಾಹಾರಿಗಳು ಗಮನಿಸಿ: ಅಲ್ಲಿನ ತೆಂಗಿನಕಾಯಿ ಚಟ್ನಿಗೆ, ಈರುಳ್ಳಿ ಖಾರಕ್ಕೆ ಉಂಬಲಕಡ ಎಂಬ ಒಣಮೀನಿನ ಪುಡಿ ಬೆರೆಸುವುದು ವಾಡಿಕೆ, ಕಣ್ಣಿಗೆ ಕಾಣುವುದಿಲ್ಲ. ನನ್ನ ಹೆಂಡತಿ ಅದನ್ನು ಹೇಳಿದ ಮೇಲೆ ಅಜ್ಜಿ ಕಲ್ಲು ತೊಳೆದು, ಒಣಮೆಣಸು, ಸಣ್ಣ ಈರುಳ್ಳಿ, ಉಪ್ಪು, ನಿಂಬೆ ಹಾಕಿ ಬೇರೆಯೇ ಅರೆದು ಕೊಟ್ಟಳು. ಇಬ್ಬರೂ ಹೊಟ್ಟೆ ಬಿರಿಯ ತಿಂದರೂ ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿ ದಾಟಲಿಲ್ಲ. ಹೋಟೆಲಿನವರು ಒಂದು ಚಹಾಕ್ಕೆ ಎಷ್ಟು ಹಾಕಿದ್ದರು ಎಂದು ಹೇಳಿದರೆ ಮತ್ತೆ ಸಿಟ್ಟು ಬರುತ್ತದೆ, ಬಿಡಿ.

ಕೊಲಂಬೊದಲ್ಲಿ ಸಮಯವಿದ್ದರೆ ಕೊಚ್ಚಿಕಡೆಯ ಹತ್ತಿರವೇ ಇರುವ, 1757ರಲ್ಲಿ ಮುಗಿದ ಡಚ್ಚರ ವೋಲ್ವೆಂಡಾಲ್ ಚರ್ಚ್ ನೋಡಿ. ನೆಲವೆಲ್ಲ ಗೋರಿಕಲ್ಲು. ಕ್ಯಾಂಡಿ, ನುವಾರ ಎಲಿಯಗಳಿಗೂ ಹೋಗಿದ್ದೆವು, ಅವುಗಳ ಬಗ್ಗೆ ಬರೆದವರು ಸಾಕಷ್ಟಿದ್ದಾರೆ.

ಗಾಲೆ ಕೋಟೆಯೊಳಗಿನ 1755ರ ಡಚ್ ಚರ್ಚಿಗೆ ಅದೊಂದಕ್ಕಾಗಿಯೇ ಹೋಗುವ ಅಗತ್ಯ ನನಗೆ ಕಾಣಲಿಲ್ಲ. ಇಲ್ಲೂ ಗೋರಿಕಲ್ಲುಗಳೇ, ಪ್ರಾರ್ಥಿಸುವವರು ಯಾರೂ ಇರಲಿಲ್ಲ, ಮದುವೆಯ ಫೋಟೊದವರು ಇದ್ದರು. ಹೋಗುವುದೇ ಆದರೆ ಕೊಲಂಬೊ ಫೋರ್ಟ್‌ನಿಂದ ರೈಲು ಹಿಡಿಯಿರಿ, ಬಲಗಡೆಯ ಕಿಟಕಿಗೆ ಕೂರಿ, ಉದ್ದಕ್ಕೂ ಸಮುದ್ರ. ಕುಡಿಯುವ ನೀರನ್ನು ಗಾಲೆಯ ರೈಲು ನಿಲ್ದಾಣದ ಬಳಿಯೇ ಕೊಂಡುಕೊಳ್ಳಿ, ಕೋಟೆಯೊಳಗೆ ಎಲ್ಲಕ್ಕೂ ವಿದೇಶಿಯರ ದರ.