ಔಷಧ ವಿಭಾಗಕ್ಕೆ ಸೇರಿದವರು ಏಕೆ ನಿಲ್ಲುತ್ತಿರಲಿಲ್ಲ

ಡಿ.ಫಾರ್ಮ, ಅಂದರೆ ಫಾರ್ಮಸಿ ಡಿಪ್ಲೊಮಾ ಮುಗಿಸಿ ನಮ್ಮ ಆಸ್ಪತ್ರೆಯ ಔಷಧ ವಿಭಾಗಕ್ಕೆ ಸೇರಿದವರು ವರ್ಷ ತುಂಬುವ ಮೊದಲೇ ರಾಜೀನಾಮೆ ಕೊಡುವುದಕ್ಕೆ ಸಂಬಳವೊಂದೇ ಕಾರಣವೆಂದು, ಆ ವಿಭಾಗವನ್ನು ನೋಡಿಕೊಳ್ಳುವ ನಾನು ಬಹುಕಾಲ ನಂಬಿದ್ದೆ. ಸಂಬಳ ಕಡಿಮೆಯೆಂಬುದು ಸುಳ್ಳಲ್ಲ. ಆದರೆ ಹೊರಡುವ ದಿನ ಒಬ್ಬ ಹುಡುಗ, "ಸರ್, ಇಲ್ಲಿ ಬಿಲ್ ಹಾಕುವುದನ್ನು ಬಿಟ್ಟು ಬೇರೇನೂ ಕಲಿಯಲಿಲ್ಲ, ಅದು ನಮ್ಮೂರಿನ ಮೆಡಿಕಲ್ ಶಾಪ್‌ನಲ್ಲೂ ಇದೆ" ಎಂದಾಗ ನನಗೆ ಉತ್ತರ ಹೊಳೆಯಲಿಲ್ಲ.

ಡಿಪ್ಲೊಮಾದ ಭಾಗವಾಗಿ 500 ಗಂಟೆಗಳ ಪ್ರಾಯೋಗಿಕ ತರಬೇತಿ ಕಡ್ಡಾಯವಾದರೂ, ಎಷ್ಟೋ ಕಡೆ ಅದು ಹಾಜರಿ ಪುಸ್ತಕದ ಸಹಿಯಲ್ಲೇ ಮುಗಿಯುತ್ತದೆ. ನಮ್ಮಲ್ಲಿಗೆ ಸೇರಿ ಮೂರು ವಾರವಾಗಿದ್ದ ಹುಡುಗಿಯೊಬ್ಬಳು ವಾರ್ಡಿನಿಂದ ಬಂದ ಇಂಡೆಂಟ್‌ಗೆ (ಔಷಧ ಬೇಡಿಕೆಯ ಚೀಟಿಗೆ) ಮಿ.ಲೀ.ಗೆ 40 ಯೂನಿಟ್ ಇರುವ ಇನ್ಸುಲಿನ್ ಬದಲು 100 ಯೂನಿಟ್ ಇರುವ ವಯಲ್ ಕಳುಹಿಸಿದಳು. ವಾರ್ಡಿನಲ್ಲಿದ್ದುದು ಕೆಂಪು ಮುಚ್ಚಳದ, 40ರ ಇನ್ಸುಲಿನ್‌ಗೆಂದೇ ಗೆರೆ ಹಾಕಿದ ಸಿರಿಂಜ್. ಅದರಲ್ಲಿ 10ರ ಗೆರೆಯವರೆಗೆ ಎಳೆದಿದ್ದರೆ ರೋಗಿಯ ಮೈಗೆ 10ರ ಬದಲು 25 ಯೂನಿಟ್ ಹೋಗುತ್ತಿತ್ತು. ಸಿಸ್ಟರ್ ಲೇಬಲ್ ಓದಿ ಹಿಂದಿರುಗಿಸಿದ್ದರಿಂದ ಅನಾಹುತ ತಪ್ಪಿತು. ಆ ಹುಡುಗಿಯ ಮೇಲೆ ಚೆನ್ನಾಗಿ ರೇಗಿದ ಬಳಿಕ ಫ್ರಿಜ್ ತೆರೆದು ನೋಡಿದರೆ ಎರಡೂ ಒಂದೇ ಟ್ರೇಯಲ್ಲಿ ಒತ್ತೊತ್ತಾಗಿ ಕುಳಿತಿದ್ದವು. ಹಾಗೆ ಇಡಿಸಿದವನು ನಾನೇ.

ಅಂದಿನಿಂದ ಹೊಸಬರನ್ನು ಮೊದಲ ಆರು ವಾರ ಕೌಂಟರಿನಲ್ಲಿ ಕೂರಿಸುವುದನ್ನು ಬಿಟ್ಟೆವು. ಫ್ರಿಜ್‌ನ ಉಷ್ಣತೆ 2ರಿಂದ 8 ಡಿಗ್ರಿಯೊಳಗಿದೆಯೇ ಎಂದು ದಿನಕ್ಕೆರಡು ಬಾರಿ ಬರೆಯುವುದು, ಎಚ್1 ಔಷಧಗಳ (ಕೊಟ್ಟಾಗಲೆಲ್ಲ ಪ್ರತ್ಯೇಕ ಲೆಕ್ಕ ಇಡಬೇಕಾದವುಗಳ) ರಿಜಿಸ್ಟರ್ ತುಂಬುವುದು, ಐಸಿಯುವಿನ ಕ್ರ್ಯಾಶ್ ಕಾರ್ಟ್‌ನಲ್ಲಿ (ತುರ್ತು ಔಷಧಗಳ ಗಾಡಿಯಲ್ಲಿ) ಅವಧಿ ಮುಗಿಯಲಿರುವುದನ್ನು ಹುಡುಕಿ ತೆಗೆಯುವುದು, ತೆಳುಗೊಳಿಸದೆ ಚುಚ್ಚಿದರೆ ಹೃದಯವನ್ನೇ ನಿಲ್ಲಿಸಬಲ್ಲ ಪೊಟ್ಯಾಸಿಯಂ ಕ್ಲೋರೈಡ್ ಸಾಮಾನ್ಯ ವಾರ್ಡಿನ ಕಪಾಟಿನಲ್ಲಿ ಏಕೆ ಇರಬಾರದೆಂದು ತಿಳಿಯುವುದು, ಇವೆಲ್ಲ ಹಿರಿಯರೊಬ್ಬರ ಬೆನ್ನಿಗಿದ್ದು ಕಲಿಯಬೇಕಾದ ಕೆಲಸಗಳು. ಕೌಂಟರಿಗೆ ಜನ ಸಾಲದೆಂದು ಆಡಳಿತದವರು ಗೊಣಗಿದರು. ಗೊಣಗಾಟ ಇಂದಿಗೂ ನಿಂತಿಲ್ಲ. ವಾರ್ಡಿನಲ್ಲಿ ಸಿಸ್ಟರ್‌ಗಳು ಹುಡುಗರನ್ನು ಹೆಸರು ಹಿಡಿದು ಕರೆದು ಔಷಧದ ಬಗ್ಗೆ ಕೇಳತೊಡಗಿದ ಮೇಲೆ, ಸಂಬಳ ಹೆಚ್ಚದಿದ್ದರೂ ರಾಜೀನಾಮೆಗಳು ಕಡಿಮೆಯಾದವು.

ಇನ್ಸುಲಿನ್ ತಪ್ಪಿ ಕಳುಹಿಸಿದವಳು ಇನ್ನೂ ನಮ್ಮಲ್ಲೇ ಇದ್ದಾಳೆ. ಆದರೆ ರಾತ್ರಿ ಪಾಳಿಗೆ ಈಗಲೂ ಒಬ್ಬರೇ. ತುಂಬಿಕೊಟ್ಟದ್ದನ್ನು ಇನ್ನೊಂದು ಕಣ್ಣು ನೋಡುವುದಿಲ್ಲ. ಎರಡನೆಯ ಹುದ್ದೆಗಾಗಿ ನಾನು ಬರೆದ ಮೂರನೆಯ ಪತ್ರ ಮೇಲಧಿಕಾರಿಗಳ ಮೇಜಿನ ಮೇಲಿದೆ, ಮತ್ತು ಈ ಬಾರಿ ಅದರ ಜೊತೆಗೆ ಆ ಇಂಡೆಂಟ್‌ನ ಪ್ರತಿಯನ್ನೂ ಲಗತ್ತಿಸಿದ್ದೇನೆ.